ಇಬ್ಬರಿಗೆ ಸಾಲುವ ಸಿಲಿಂಡರ್

ಫೆಬ್ರವರಿ 3

ಅಮ್ಮ,

ಫೋನಿನಲ್ಲಾದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧ ಓದಿ ಬಿಡಲು ನಿನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈ.

ನಾನು ಪಂಪು ರಿಪೇರಿ ಅಂಗಡಿಯಲ್ಲಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೀಯಂತೆ. ನಾನು ಹೇಳಿದ್ದು ಕಂಪ್ರೆಸರ್ ಇರುವ ಅಂಗಡಿ ಎಂದು. ಯಾವ ಕಂಪ್ರೆಸರ್ ಎಂದು ನೀನು ಕೇಳಲಿಲ್ಲ. ನೀರಿನಲ್ಲಿ ಮುಳುಗುವವರ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್. ಅಣ್ಣ ಇದ್ದ ಅದೇ ಅಂಗಡಿ, ಅದೇ ಕಲ್ಲುಗಣಿಯ ದಡ. ಬಂದು ಒಂದು ವರ್ಷವಾಯಿತು. ಮೊದಲು ಬರೀ ತುಂಬಿಸುತ್ತಿದ್ದೆ. ಈಗ ಇಳಿಯುತ್ತೇನೆ.

ಗಣಿಯನ್ನು ನೀನು ನೋಡಿಲ್ಲ. ಕಲ್ಲು ತೆಗೆಯುತ್ತಿದ್ದ ಕಾಲದಲ್ಲಿ ತಳದಿಂದ ನೀರು ನುಗ್ಗಿತಂತೆ. ಜನರೆಲ್ಲ ಹತ್ತಿ ಬಂದರು, ಯಂತ್ರಗಳು ಅಲ್ಲೇ ಉಳಿದವು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ನೀರಿನ ಅಂಚಿಗೆ ಬಂದು ನಿಲ್ಲುವುದಿಲ್ಲ, ಹಾಗೇ ಒಳಗೆ ಇಳಿದುಹೋಗುತ್ತವೆ. ದಡದಲ್ಲಿ ನಿಂತರೆ ಐದಾರು ಕಾಣುತ್ತವೆ, ಆಮೇಲೆ ಹಸಿರು, ಆಮೇಲೆ ಏನೂ ಇಲ್ಲ. ತೀರಾ ತಳದಲ್ಲಿ ಒಂದು ಪಂಪ್‌ಹೌಸ್ ಇದೆ. ಅಣ್ಣ ಕೊನೆಯ ಸಲ ಇಳಿದದ್ದು ಅಲ್ಲಿಗೆ.

ಅಂಗಡಿಯ ಒಡೆಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಕಿವಿಯ ತಮಟೆ ಹರಿದು ಅವರು ಈಗ ಇಳಿಯುವುದಿಲ್ಲ. ಒಬ್ಬರೇ ಇಳಿಯಬಾರದು ಎಂದು ಅವರೇ ಪಾಠ ಮಾಡುತ್ತಾರೆ, ಆದರೆ ಇಳಿಯುವವರ ಪೈಕಿ ಉಳಿದಿರುವವಳು ನಾನೊಬ್ಬಳೇ. "ನಿಮ್ಮಣ್ಣನ ಮೊಂಡುತನ ನಿಂಗೂ ಬಂದಿದೆ, ಅವನ ಉಸಿರು ಮಾತ್ರ ಬಂದಿಲ್ಲ" ಎಂದು ದಿನಾ ಅನ್ನುತ್ತಾರೆ. ಅಣ್ಣ ಅಷ್ಟು ನಿಧಾನ ಉಸಿರಾಡುತ್ತಿದ್ದನಂತೆ. ಇಲ್ಲಿ ಅವನ ಹೆಸರು ಆಮೆ.

ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿ ಕೂತಿರುತ್ತದೆ. ಸರ್ರನೆ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ನೊರೆ ಏಳುತ್ತದೆ. ಅದಕ್ಕೇ ಮೇಲಿನಿಂದ ಆರು ಮೀಟರ್ ಕೆಳಗೆ ಹಗ್ಗ ಹಿಡಿದು ನೇತಾಡುತ್ತಾ ಕಾಯಬೇಕು. ಇದಕ್ಕೆ ಡೆಕೊ ಎನ್ನುತ್ತಾರೆ. ಆಗ ಉಸಿರಾಡಲು ಪಕ್ಕದಲ್ಲಿ ಬೇರೆ ಸಿಲಿಂಡರ್ ಕಟ್ಟಿಕೊಂಡಿರುತ್ತೇವೆ, ಅದರಲ್ಲಿ ಬರೀ ಆಮ್ಲಜನಕ. ನಮ್ಮಲ್ಲಿ ಮೂರು ಅಳತೆಯವು ಇವೆ. ಐದೂವರೆ ಲೀಟರಿನದು ಮರಿ, ಏಳರದ್ದು ಕರು, ಹನ್ನೊಂದರದ್ದು ಎಮ್ಮೆ. ನನಗೆ ಸದ್ಯಕ್ಕೆ ಮರಿ ಕೊಟ್ಟಿದ್ದಾರೆ.

ಚಳಿ ಇದೆ. ಅಣ್ಣನ ಹಳೆಯ ಅಂಗಿಯ ತೋಳು ಮಡಚಿ ಹಾಕಿಕೊಳ್ಳುತ್ತೇನೆ.

ನಿನ್ನ ಚಿನಕುರುಳಿ


ಫೆಬ್ರವರಿ 19

ಚಿನಕುರುಳಿ,

ಓದಿದೆ. ಎರಡು ಸಲ ಓದಿದೆ. ಬೈಯುವುದಕ್ಕೆ ಈ ಕಾಗದ ಸಾಲದು, ಅದಕ್ಕೆ ಬಿಟ್ಟಿದ್ದೀನಿ.

ಸ್ಕೂಲು ಬಿಟ್ಟಾಗಲೇ ಕಾಲು ಮುರಿದು ಕೂರಿಸಬೇಕಿತ್ತು. ಕುದಿಯುವ ನೀರು ನೂರು ಡಿಗ್ರಿ ಅಂತ ಇಡೀ ಕ್ಲಾಸು ಬರೆದರೆ ನೀನೊಬ್ಬಳು ಥರ್ಮಾಮೀಟರ್ ನೋಡಿ ತೊಂಬತ್ತೇಳು ಅಂತ ಬರೆದು ಬಂದೆ. ತಿದ್ದು ಅಂದಿದ್ದಕ್ಕೆ ಚೀಲ ಎತ್ತಿಕೊಂಡು ಮನೆಗೆ ಬಂದೆ. ಮುಳ್ಳು ತೋರಿಸಿದ್ದನ್ನೇ ನಂಬುವವಳು ನೀನು. ಇರಲಿ.

ಅಣ್ಣನ ವಿಷಯ ಒಂದೇ ಮಾತು. ಎರಡು ಸಲ ಹುಡುಕಿದರು, ಸಿಗಲಿಲ್ಲ. ಸಿಗದವನನ್ನು ಸತ್ತವನು ಅನ್ನುವುದಕ್ಕೆ ನಾನು ತಯಾರಿಲ್ಲ. ನನ್ನ ಜೊತೆ ಜಗಳ ಆಡಿಕೊಂಡು ಹೋದವನು. ಆಚೆ ದಡದಲ್ಲಿ ಹತ್ತಿಕೊಂಡು ಎಲ್ಲೋ ಹೋಗಿದ್ದಾನೆ. ಸಿಟ್ಟು ಇಳಿದ ಮೇಲೆ ಬರುತ್ತಾನೆ. ಅವನಿಗೆ ಅಂತ ಹೊಲಿದ ಅಂಗಿ ಹೊಲಿಗೆ ಮಿಷನ್ ಪಕ್ಕದ ಕೊಕ್ಕೆಯಲ್ಲೇ ಇದೆ, ಬಿಳಿ ಬಟ್ಟೆ, ನೀಲಿ ಗೆರೆ. ವರ್ಷಕ್ಕೊಂದು ಸಲ ಬಿಚ್ಚಿ, ಒಂಚೂರು ಸಡಿಲ ಮಾಡಿ ಮತ್ತೆ ಹೊಲಿಯುತ್ತೀನಿ. ಗಂಡು ಹುಡುಗ, ವಯಸ್ಸಾದ ಹಾಗೆ ಹೆಗಲು ತುಂಬಿಕೊಳ್ಳುತ್ತದೆ. ಒಳಗೆ ಎರಡು ಬೆರಳು ಬಟ್ಟೆ ಯಾವಾಗಲೂ ಬಿಟ್ಟಿರುತ್ತೀನಿ.

ಅಲ್ಲಿ ಯಾರಾದರೂ ಅವನನ್ನು ನೋಡಿದವರು ಇದ್ದಾರಾ ಕೇಳು. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ನೀರಿನಲ್ಲಿ ಹುಡುಕಬೇಡ.

ಅಮ್ಮ


ಮಾರ್ಚ್ 8

ಅಮ್ಮ,

ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. ಯಾರೂ ನೋಡಿಲ್ಲ. ನೀನು ಹೇಳಿದೆ ಎಂದು ಕೇಳಿದೆ ಅಷ್ಟೆ, ಸಿಗುತ್ತಾನೆಂದು ನಾನು ನಂಬಿರಲಿಲ್ಲ.

ಇಲ್ಲಿ ಒಂದು ವಿಷಯ ಆಗುತ್ತಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯದೆ ಇರುವುದೂ ಒಂದು ಸುಳ್ಳೇ.

ಅಭ್ಯಾಸಕ್ಕೆಂದು ಗಣಿಯ ಅರ್ಧ ಆಳಕ್ಕೆ ಇಳಿದು, ಮೇಲೆ ಬರುವಾಗ ಆರು ಮೀಟರಿನಲ್ಲಿ ಹದಿನೈದು ನಿಮಿಷ ನಿಲ್ಲುತ್ತೇನೆ. ಮರಿ ತುಂಬಿದಾಗ ಒಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಇನ್ನೂರರಲ್ಲಿ ಇರುತ್ತದೆ. ನಾನು ಆಡುವ ಉಸಿರಿಗೆ ಅದು ನೂರಮೂವತ್ತಕ್ಕೆ ಬಂದು ನಿಲ್ಲಬೇಕು. ಎಂಬತ್ತಾರಕ್ಕೆ ಬರುತ್ತದೆ. ಒಂದು ಸಲವಲ್ಲ, ಪ್ರತಿ ಸಲ.

"ಹೆದರಿ ಬುಸುಬುಸು ಅಂತ ಎಳೀತಾ ಇದ್ದೀಯ" ಎಂದರು ಮೇಷ್ಟ್ರು.

"ಹೆದರಿದ್ರೆ ಹೇಳ್ತಿದ್ದೆ ಮೇಷ್ಟ್ರೇ."

"ಎಲ್ಲಿ ಹೇಳ್ತೀಯ, ನೀರೊಳಗೆ ಬಾಯಿ ಬಿಡಕ್ಕಾಗತ್ತಾ?"

ಆಮೇಲೆ ಅವರೂ ನಗುವುದು ಬಿಟ್ಟರು. ಮರಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದರು, ಒಂದು ಗುಳ್ಳೆಯೂ ಇಲ್ಲ. ವಾಲ್ವಿಗೆ ಸೋಪಿನ ನೀರು ಹಚ್ಚಿದರು. ಗೇಜು ಬದಲಾಯಿಸಿದರು. ಸಿಲಿಂಡರನ್ನೇ ಬದಲಾಯಿಸಿದರು. ಊರಿನ ಈಜುಕೊಳದಲ್ಲಿ ಅಷ್ಟೇ ಹೊತ್ತು ಮುಳುಗಿಸಿ ಕೂರಿಸಿದರು. ಅಲ್ಲಿ ಮುಳ್ಳು ಲೆಕ್ಕಕ್ಕೆ ಸರಿಯಾಗಿ ನಿಂತಿತು. ಗಣಿಯಲ್ಲಿ ಮಾತ್ರ ಹೆಚ್ಚು ಇಳಿಯುತ್ತದೆ.

ಇನ್ನೊಂದು ಇದೆ. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ನಾವು ಉಸಿರು ಎಳೆದಾಗ ಹಿಸ್ ಎನ್ನುತ್ತದೆ, ಬಿಟ್ಟಾಗ ಗುಳ್ಳೆಯ ಸದ್ದು ಬರುತ್ತದೆ. ನಾನು ಉಸಿರು ಬಿಡುತ್ತಿರುವಾಗಲೂ ಒಂದು ಹಿಸ್ ಕೇಳುತ್ತದೆ. ನಿಧಾನವಾಗಿ, ಉದ್ದಕ್ಕೆ. ಕಚ್ಚಿಕೊಂಡಿರುವವಳು ನಾನೊಬ್ಬಳೇ ಅಮ್ಮ. ನಾನು ಎಳೆಯುತ್ತಿಲ್ಲ, ಸಿಲಿಂಡರಿನಿಂದ ಗಾಳಿ ಹೋಗುತ್ತಿದೆ.

ನಿನ್ನ ಚಿನಕುರುಳಿ


ಮಾರ್ಚ್ 20

ಚಿನಕುರುಳಿ,

ಬೇಡದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಹಳೆ ಸಾಮಾನು ಸೋರುತ್ತದೆ. ನನ್ನ ಮಿಷನ್ನೂ ಕಾಲು ಇಡದೆ ಒಂದೊಂದು ಸಲ ತಾನೇ ತಿರುಗುತ್ತದೆ, ಅದಕ್ಕೆ ನಾನು ಊರು ಬಿಟ್ಟು ಹೋಗಿದ್ದೀನಾ?

ಕೆಲಸ ಜಾಸ್ತಿ ಇದೆ. ಆಸ್ಪತ್ರೆಯವರ ಸಮವಸ್ತ್ರ ಬಂದಿದೆ, ಒಬ್ಬೊಬ್ಬರದೂ ಒಂದೊಂದು ಮೈಕಟ್ಟು. ಟೇಪು ಹಿಡಿಯದೆ ಬರೀ ಅಳತೆ ನೋಡಿ ಇದು ಯಾರ ಅಂಗಿ ಅಂತ ಹೇಳಬಲ್ಲೆ ಈಗ.

ಸುಮ್ಮನೆ ಕೇಳುತ್ತೀನಿ. ಉಸಿರಿಗೂ ಒಬ್ಬೊಬ್ಬರಿಗೆ ಒಂದೊಂದು ಅಳತೆ ಅಂತ ಇರುತ್ತಾ?

ಅಮ್ಮ


ಏಪ್ರಿಲ್ 2

ಅಮ್ಮ,

ಇರುತ್ತದೆ. ನೀನು ಸುಮ್ಮನೆ ಕೇಳಿಲ್ಲ ಎಂದು ನನಗೆ ಗೊತ್ತು.

ಒಬ್ಬರು ನಿಮಿಷಕ್ಕೆ ಎಷ್ಟು ಲೀಟರ್ ಎಳೆಯುತ್ತಾರೆ ಎನ್ನುವುದು ಅಂಗಡಿಗೆ ಬಂದ ಮೊದಲ ವಾರವೇ ಗೊತ್ತಾಗುತ್ತದೆ. ಅದನ್ನು ನೀರಿನ ಒತ್ತಡದಿಂದಲೂ ನಿಲ್ಲುವ ಹೊತ್ತಿನಿಂದಲೂ ಗುಣಿಸಿ, ಅದರ ಅರ್ಧದಷ್ಟು ಹೆಚ್ಚಿಗೆ ಸೇರಿಸಿ, ಸಿಲಿಂಡರ್ ಯಾವ ಅಳತೆಯದು ಎಂದು ಆರಿಸುತ್ತೇವೆ. ಆ ಅರ್ಧ ನಿನ್ನ ಎರಡು ಬೆರಳಿನ ಹಾಗೆ. ನನ್ನದು ಹದಿನಾರು. ಮೇಷ್ಟ್ರದ್ದು ಹದಿನಾಲ್ಕು ಇತ್ತು.

ನಿನ್ನ ಕಾಗದ ಬಂದ ದಿನ ಲೆಕ್ಕವನ್ನು ಹಿಂದಿನಿಂದ ಮಾಡಿದೆ. ಮರಿಯಲ್ಲಿ ನನ್ನ ಲೆಕ್ಕ ಮೀರಿ ಎಷ್ಟು ಖಾಲಿಯಾಗುತ್ತಿದೆಯೋ ಅದನ್ನು ನೀರಿನ ಒತ್ತಡದಿಂದ ಭಾಗಿಸಿ, ಹದಿನೈದು ನಿಮಿಷದಿಂದ ಭಾಗಿಸಿದೆ. ಹತ್ತು ಬಂತು. ಮತ್ತೆ ಮಾಡಿದೆ, ಹತ್ತೇ. ಮೇಷ್ಟ್ರ ಮುಂದೆ ಹಲಗೆ ಇಟ್ಟೆ. ಅಂಗಡಿ ತೆರೆದಾಗಿನಿಂದ ಹತ್ತು ಇದ್ದದ್ದು ಒಬ್ಬನಿಗೇ.

"ಇದನ್ನ ಒರೆಸು" ಎಂದರು. ನಾನು ಒರೆಸಲಿಲ್ಲ. ಅವರೇ ಅಂಗೈಯಿಂದ ಒರೆಸಿ, ಆ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಹೊರಗೆ ಹೋದರು.

ಆಮೇಲೆ ತೆಪ್ಪದ ತಾತನ ಹತ್ತಿರ ಹೋದೆ. ನಾವು ಇಳಿದಾಗ ಗಣಿಯ ನಡುವೆ ತೆಪ್ಪದ ಮೇಲೆ ಕೂತು ಗುಳ್ಳೆ ನೋಡುವವರು ಅವರು. ಗುಳ್ಳೆ ಬರುತ್ತಿದ್ದರೆ ಕೆಳಗಿರುವವರು ಸರಿಯಿದ್ದಾರೆ ಎಂದು ಅರ್ಥ. ಅಣ್ಣ ಇಳಿದ ದಿನವೂ ಅವರೇ ಇದ್ದರು.

"ತಾತಾ, ನಾನು ಡೆಕೊಗೆ ನಿಂತಾಗ ಗುಳ್ಳೆ ಹೇಗೆ ಬರುತ್ತೆ?"

"ಹೇಗೆ ಬರ್ಬೇಕೋ ಹಾಗೆ."

"ಒಂದು ಸಾಲಾ?"

ಅವರು ಬೀಡಿ ಹಚ್ಚಿಕೊಂಡರು. "ನಿಮ್ಮ ಮೇಷ್ಟ್ರಿಗೆ ಹೇಳ್ಬೇಡ. ಹೇಳಿದ್ರೆ ಮುದುಕನಿಗೆ ಕಣ್ಣು ಹೋಯ್ತು ಅಂತ ಮನೆಗೆ ಕಳಿಸ್ತಾರೆ. ಎರಡು ಸಾಲು ಕಣಮ್ಮಾ. ನಿಂದು ದಡದಡ ಅಂತ ಬರತ್ತೆ. ಪಕ್ಕದ್ದು ನಿಧಾನ. ಅದು ನಂಗೆ ಗುರುತಿರೋ ಗುಳ್ಳೆ."

ಅವತ್ತು ಏನಾಯಿತು ಎಂದು ಆಗ ಹೇಳಿದರು. ಅಣ್ಣ ಹೊಸ ಸಿಲಿಂಡರ್ ತೆಗೆದುಕೊಳ್ಳಲಿಲ್ಲ. ಹಿಂದಿನ ದಿನ ಬಳಸಿ ಉಳಿದಿದ್ದ ಮರಿಯನ್ನೇ ಕಟ್ಟಿಕೊಂಡ. "ಆಮೆಗೆ ಇಷ್ಟು ಸಾಕು ತಾತಾ, ತುಂಬಿಸೋ ಕರೆಂಟು ಉಳೀತು" ಎಂದು ನಕ್ಕನಂತೆ. ಅವನ ಹತ್ತಕ್ಕೆ ಅದು ಸಾಲುತ್ತಿತ್ತು. ಆದರೆ ತಳದಲ್ಲಿ ಮೈ ಕೊರೆಯುವ ಚಳಿ. ಅಲ್ಲಿ ಕೆಲಸ ಮಾಡಿ ದಣಿದು ಬಂದವರಿಗೆ ಯಾರಿಗೂ ಹತ್ತು ಇರುವುದಿಲ್ಲ, ಇಪ್ಪತ್ತಾಗುತ್ತದೆ. ಅವನು ಆರು ಮೀಟರಿನಲ್ಲಿ ನಲವತ್ತು ನಿಮಿಷ ನಿಲ್ಲಬೇಕಿತ್ತು. ಅರ್ಧ ದಾಟುವಷ್ಟರಲ್ಲಿ ಗುಳ್ಳೆ ನಿಂತವು. ಅವನು ಮೇಲಕ್ಕೂ ಬರಲಿಲ್ಲ.

ಮುಂದಿನ ತಿಂಗಳು ನಾನು ಪಂಪ್‌ಹೌಸಿನ ತನಕ ಇಳಿಯುತ್ತೇನೆ. ಅಲ್ಲಿ ಅವನದ್ದು ಏನಾದರೂ ಇದ್ದರೆ ನಿನಗೆ ಹೇಳುತ್ತೇನೆ, ಇಲ್ಲದಿದ್ದರೂ ಹೇಳುತ್ತೇನೆ. ನೀನು ಬಾಗಿಲ ಕಡೆ ನೋಡಿಕೊಂಡು ಹೊಲಿಯುವುದು ನಿಲ್ಲಬೇಕು ಅಮ್ಮ. ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತೀಯ.

ನಿನ್ನ ಚಿನಕುರುಳಿ


ಏಪ್ರಿಲ್ 24

ಅಮ್ಮ,

ನೀನು ಬರೆದಿಲ್ಲ. ಮೇಷ್ಟ್ರೂ ಮಾತು ಬಿಟ್ಟಿದ್ದಾರೆ. ಸರಿ, ನಾನೇ ಮಾತಾಡುತ್ತೇನೆ.

ಇಳಿಯುವ ಮೊದಲು ಗೋಡೆಯ ಹಲಗೆಯ ಮೇಲೆ ಎಲ್ಲ ಬರೆಯಬೇಕು. ಎಷ್ಟು ಆಳ, ಎಷ್ಟು ಹೊತ್ತು, ಡೆಕೊಗೆ ಯಾವ ಸಿಲಿಂಡರ್, ಅದು ಎಷ್ಟು ಜನಕ್ಕೆ. ಪಂಪ್‌ಹೌಸಿಗೆ ಹೋಗಿ ಬಂದರೆ ನಾನು ಅರ್ಧ ಗಂಟೆ ನಿಲ್ಲಬೇಕು. ನನ್ನೊಬ್ಬಳಿಗೆ ಹೆಚ್ಚುವರಿ ಸೇರಿಸಿ ಲೆಕ್ಕ ಹಾಕಿದರೆ ಕರು ಸರಿಯಾಗುತ್ತದೆ. ನಾನು 'ಎಮ್ಮೆ' ಎಂದು ಬರೆದೆ. ಎಷ್ಟು ಜನಕ್ಕೆ ಎನ್ನುವಲ್ಲಿ 'ಇಬ್ಬರಿಗೆ' ಎಂದು ಬರೆದೆ.

ಮೇಷ್ಟ್ರು ಬಂದು ನೋಡಿದರು. "ಇನ್ನೊಬ್ಬರು ಯಾರು?"

"ನಿಮಗೆ ಗೊತ್ತು."

"ನಂಗೇನೂ ಗೊತ್ತಿಲ್ಲ. ಎಮ್ಮೆ ಕಟ್ಕೊಂಡು ಪಂಪ್‌ಹೌಸ್ ಬಾಗಿಲಲ್ಲಿ ತೂರಕ್ಕಾಗಲ್ಲ. ಅದು ಖಾಲಿ ಆಗ್ತಾ ಆಗ್ತಾ ತಳ ಮೇಲಕ್ಕೆ ಎದ್ದು ನಿನ್ನನ್ನ ಓರೆ ಮಾಡತ್ತೆ. ದೊಡ್ಡದು ಅಂದ್ರೆ ಒಳ್ಳೇದು ಅಂತ ತಿಳ್ಕೊಂಡಿದ್ದೀಯಾ? ಅಳತೆಗೆ ಸರಿಯಾಗಿದ್ರೆ ಒಳ್ಳೇದು. ಒಬ್ಬಳಿಗೆ ಅಂತ ಬರಿ, ಕರು ಕಟ್ಕೋ, ನಾಳೆನೇ ಕಳಿಸ್ತೀನಿ."

"ಒಬ್ಬಳಿಗೆ ಅಂತ ಬರೆದ್ರೆ ಸುಳ್ಳಾಗತ್ತೆ."

"ಇಬ್ಬರಿಗೆ ಅಂತ ಬರೆದ್ರೆ ಹುಚ್ಚಾಗತ್ತೆ!"

"ಕರುವಿನಲ್ಲಿ ನಂಗೆ ಬೇಕಾದ್ದು ಇದೆ ಮೇಷ್ಟ್ರೇ. ಅದರಲ್ಲಿ ಇನ್ನೊಬ್ಬರು ಎಳೆದ್ರೆ ನಂಗೆ ಉಳಿಯೋದೆಷ್ಟು, ನೀವೇ ಗುಣಿಸಿ."

ಅವರು ಗುಣಿಸಲಿಲ್ಲ. ಇಳಿಯುವಾಗ ಹಾಕಿಕೊಳ್ಳುವ ನನ್ನ ರಬ್ಬರ್ ಬೂಟುಗಳನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಕೇಳಿಸಿಯೂ ಕೇಳಿಸದ ಹಾಗೆ ಒಂದು ಮಾತು ಹೇಳಿದರು: "ಅವನನ್ನ ಹುಡುಕಕ್ಕೆ ಹೋದಾಗ ನನ್ನ ಸಿಲಿಂಡರೂ ಲೆಕ್ಕಕ್ಕಿಂತ ಮೊದಲೇ ಖಾಲಿ ಆಯ್ತು. ಕಿವಿ ಹರಿದದ್ದು ಹಾಗೆ." ಅಂದರೆ ಅಷ್ಟೊಂದು ಅವಸರದಲ್ಲಿ ಮೇಲೆ ಬಂದಿದ್ದರು.

ಇನ್ನೊಂದು ವಿಷಯ ನಿನಗೆ ಹೇಳಬೇಕು. ಡೆಕೊ ಕಂತಿನಲ್ಲಿ ತೀರುವುದಿಲ್ಲ ಎಂದು ಮೇಷ್ಟ್ರು ಕಲಿಸಿದ್ದಾರೆ. ನಡುವೆ ಉಸಿರು ತಪ್ಪಿದರೆ ಮತ್ತೆ ಮೊದಲಿನಿಂದ ನಿಲ್ಲಬೇಕು. ನಾನು ಪ್ರತಿ ಸಲ ಹದಿನೈದು ನಿಮಿಷಕ್ಕೆ ಸಿಲಿಂಡರ್ ಎತ್ತಿಕೊಂಡು ಮೇಲೆ ಬಂದುಬಿಡುತ್ತೇನೆ. ಅವನಿಗೆ ಬೇಕಾದದ್ದು ನಲವತ್ತು. ಪ್ರತಿ ಸಲವೂ ಅವನು ಮೊದಲಿನಿಂದ ಶುರು ಮಾಡುತ್ತಿದ್ದಾನೆ.

ನನಗೆ ಭಯವಾಗಿದೆ. ಹೆದರಿದರೆ ಹೇಳುತ್ತೇನೆ ಎಂದಿದ್ದೆನಲ್ಲ, ಹೇಳುತ್ತಿದ್ದೇನೆ. ನೀನು ಬೇಡ ಎಂದರೆ ಇಳಿಯುವುದಿಲ್ಲ.

ನಿನ್ನ ಚಿನಕುರುಳಿ


ಮೇ 7

ಚಿನಕುರುಳಿ,

ಇಷ್ಟು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಕೂತಾಗೆಲ್ಲ ಬೇಡ ಅಂತಲೇ ಬರೆದು ಹರಿದೆ.

ನಿನ್ನೆ ಅವನ ಅಂಗಿ ಇಳಿಸಿ, ಈ ವರ್ಷದ ಹೊಲಿಗೆ ಬಿಚ್ಚೋಣ ಅಂತ ಕತ್ತರಿ ತೆಗೆದುಕೊಂಡೆ. ಎಷ್ಟು ಸಡಿಲ ಮಾಡಬೇಕು ಅಂತ ಯೋಚಿಸಿದೆ. ಅವನು ಎಷ್ಟು ದಪ್ಪ ಆಗಿರುತ್ತಾನೆ ಅಂತ ಕಣ್ಣು ಮುಚ್ಚಿದರೆ ಕಾಣುತ್ತಿತ್ತು ಇಷ್ಟು ವರ್ಷ. ನಿನ್ನೆ ಕಾಣಲಿಲ್ಲ. ಹೋದ ದಿನ ಹೇಗಿದ್ದನೋ ಹಾಗೇ ಕಂಡ. ಬಿಚ್ಚದೆ ಮತ್ತೆ ಕೊಕ್ಕೆಗೆ ಹಾಕಿದೆ.

ದೊಡ್ಡದನ್ನೇ ತೆಗೆದುಕೊಂಡು ಹೋಗು. ನಿಮ್ಮ ಮೇಷ್ಟ್ರಿಗೆ ಈ ಕಾಗದ ತೋರಿಸು. ಹುಚ್ಚು ಅಂದರೆ ಅವರ ಅಮ್ಮನೂ ಹೀಗೇ ಬರೆಯುತ್ತಿದ್ದಳು ಅಂತ ಹೇಳು.

ಅವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರು. ಅವಸರ ಮಾಡಬೇಡ. ಆಮೇಲೆ ನೀನು ಮೇಲೆ ಬಾ. ನೀನು ಬರಬೇಕು, ತಿಳಿಯಿತಾ?

ಅಮ್ಮ


ಮೇ 17

ಅಮ್ಮ,

ನಾನು ಸರಿಯಿದ್ದೇನೆ. ಅದನ್ನು ಮೊದಲು ಬರೆಯುತ್ತಿದ್ದೇನೆ, ಇನ್ನು ನಿಧಾನವಾಗಿ ಓದು.

ಮೇಷ್ಟ್ರು ನಿನ್ನ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದರು. ಒಳಗೆ ಹೋಗಿ ಎಮ್ಮೆಯನ್ನು ಉರುಳಿಸಿಕೊಂಡು ಬಂದರು. ಅದಕ್ಕೆ ಇನ್ನೊಂದು ರೆಗ್ಯುಲೇಟರ್ ತಾವೇ ಜೋಡಿಸಿದರು. ಈಗ ಒಂದೇ ಸಿಲಿಂಡರಿಗೆ ಎರಡು ಬಾಯಿ. ಹಲಗೆಯ ಮೇಲೆ 'ಇಬ್ಬರಿಗೆ' ಎಂದು ಅವರೇ ಬರೆದರು. ಅಕ್ಷರ ಸೊಟ್ಟಗಿತ್ತು.

ನಿನ್ನೆ ಬೆಳಿಗ್ಗೆ ಇಳಿದೆ. ಒಳ್ಳೆ ಬಿಸಿಲಿತ್ತು. ಮೆಟ್ಟಿಲುಗಳ ಪಕ್ಕದಲ್ಲೇ ಹಗ್ಗ ಹಿಡಿದು ಹೋದೆ. ಒಂದು ಆಳದ ನಂತರ ಬಣ್ಣ ಇರುವುದಿಲ್ಲ, ಟಾರ್ಚಿನ ಬೆಳಕು ಬಿದ್ದಷ್ಟು ಜಾಗ ಮಾತ್ರ ಜಗತ್ತು. ಪಂಪ್‌ಹೌಸಿನ ಬಾಗಿಲು ಕಿರಿದು. ಮೇಷ್ಟ್ರು ಹೇಳಿದ ಹಾಗೇ ಎಮ್ಮೆ ಚೌಕಟ್ಟಿಗೆ ತಗುಲಿ ನಿಂತಿತು. ಒಳಗೆ ಹೋಗಲು ಆಗಲಿಲ್ಲ. ತಲೆ ಮತ್ತು ಒಂದು ಕೈ ಮಾತ್ರ ತೂರಿಸಿ ಬೆಳಕು ಹಾಯಿಸಿದೆ.

ಒಳಗೆ ಎಲ್ಲದರ ಮೇಲೂ ಬೆರಳು ಮುಳುಗುವಷ್ಟು ಹೂಳು. ಪಂಪಿನ ಮೇಲೆ, ಪೈಪಿನ ಮೇಲೆ, ಒಂದು ಮುರಿದ ಕುರ್ಚಿಯ ಮೇಲೆ. ಒಳಗಿನ ಗೋಡೆಗೆ ಒರಗಿಸಿ ಒಂದು ಸಿಲಿಂಡರ್ ನಿಲ್ಲಿಸಿತ್ತು. ಮರಿ. ಅಂಗಡಿಯಲ್ಲಿ ನಾವು ನಿಲ್ಲಿಸುವ ಹಾಗೆ, ಪಟ್ಟಿಯನ್ನು ಅದರ ಕುತ್ತಿಗೆಗೆ ಸುತ್ತಿ. ಅದರ ಮೇಲೆ ಅಣ್ಣ ಮೊಳೆಯಲ್ಲಿ ಗೀಚಿದ ಆಮೆ ಇತ್ತು. ಅದೊಂದರ ಮೇಲೆ ಮಾತ್ರ ಹೂಳು ಇರಲಿಲ್ಲ ಅಮ್ಮ. ಈಗ ತಾನೇ ಒರೆಸಿಟ್ಟ ಹಾಗಿತ್ತು.

ಅಣ್ಣನನ್ನು ನಾನು ನೋಡಲಿಲ್ಲ. ನೋಡಿದೆ ಎಂದು ಹೇಳಿದರೆ ನಿನಗೆ ಸಮಾಧಾನ ಆಗಬಹುದು, ಆದರೆ ನೋಡಲಿಲ್ಲ. ಮೂಲೆಯಲ್ಲಿ ಹೂಳು ಎದ್ದು ಮೋಡದ ಹಾಗೆ ತಿರುಗುತ್ತಿತ್ತು. ಯಾರಾದರೂ ಕಾಲು ಆಡಿಸಿದರೆ ಹಾಗೆ ಏಳುತ್ತದೆ. ನಾನು ಆ ಕಡೆ ಕಾಲು ಇಟ್ಟಿರಲಿಲ್ಲ. ಮೋಡ ಬಾಗಿಲ ಕಡೆಗೇ ಬಂತು. ಅಷ್ಟರಲ್ಲಿ ಒಳಗಿನ ಚಾವಣಿಯಿಂದ ಒಂದು ಕಬ್ಬಿಣದ ಹಾಳೆ ಸದ್ದಿಲ್ಲದೆ ಕಳಚಿಕೊಂಡು ಮರಿಯ ಮುಂದೆ ಮಲಗಿತು. ಕರು ಕಟ್ಟಿಕೊಂಡಿದ್ದರೆ ನಾನು ಒಳಗೆ ತೂರಿ, ಆ ಮರಿಯನ್ನು ಎತ್ತಿಕೊಳ್ಳಲು ಅಲ್ಲೇ ಬಗ್ಗಿರುತ್ತಿದ್ದೆ.

ಹಿಂದೆ ಸರಿದೆ. ಹಗ್ಗ ಹಿಡಿದು ಮೇಲೆ ಬಂದೆ.

ಆರು ಮೀಟರಿನಲ್ಲಿ ಎಮ್ಮೆಯ ವಾಲ್ವು ತೆರೆದು ಒಂದು ರೆಗ್ಯುಲೇಟರ್ ನಾನು ಕಚ್ಚಿಕೊಂಡೆ. ಇನ್ನೊಂದನ್ನು ಬಲಗಡೆಗೆ ಉದ್ದ ಮಾಡಿ ಬಿಟ್ಟೆ. ಅದು ಸ್ವಲ್ಪ ಹೊತ್ತು ಸುಮ್ಮನೆ ತೂಗಾಡಿತು. ಆಮೇಲೆ ತೂಗುವುದು ನಿಂತಿತು. ಕೈಯಲ್ಲಿ ಹಿಡಿದಾಗ ನಿಲ್ಲುವ ಹಾಗೆ. ಹಿಸ್ ಎಂದಿತು. ಗುಳ್ಳೆ ಬಂದವು.

ನಾನು ಆ ಕಡೆ ತಿರುಗಲಿಲ್ಲ. ಕಣ್ಣೆದುರಿನ ಬಂಡೆಯಲ್ಲಿ ಉಳಿಯ ಗುರುತುಗಳಿದ್ದವು, ಅವನ್ನೇ ನೋಡಿದೆ. ನೀರು ತಣ್ಣಗಿದ್ದರೂ ಬಲ ಭುಜದ ಪಕ್ಕ ಇನ್ನೂ ಹೆಚ್ಚು ತಣ್ಣಗಿತ್ತು. ಚಿಕ್ಕವಳಿದ್ದಾಗ ಅಣ್ಣ ಈಜು ಕಲಿಸುವಾಗ ಹೀಗೇ ಬಲಗಡೆಗೇ ನಿಲ್ಲುತ್ತಿದ್ದ. ನನ್ನ ಉಸಿರು ಮೊದಲು ದಡಬಡ ಓಡಿತು. ಆಮೇಲೆ ಪಕ್ಕದ ಉಸಿರಿನ ಲಯಕ್ಕೆ ಬಂತು. ಅವನ ಉಸಿರು ನನಗೆ ಬಂದಿಲ್ಲ ಎನ್ನುತ್ತಿದ್ದ ಮೇಷ್ಟ್ರು ನೋಡಬೇಕಿತ್ತು.

ನನ್ನ ಅರ್ಧ ಗಂಟೆ ಮುಗಿಯಿತು. ತೆಪ್ಪದ ತಾತ ಹಗ್ಗವನ್ನು ಎಳೆದು ಬಾ ಎಂದರು. ನಾನು ಬರುವುದಿಲ್ಲ ಎಂದು ತಿರುಗಿ ಎಳೆದೆ. ನಲವತ್ತು ತುಂಬಿತು. ಪಕ್ಕದ ಗುಳ್ಳೆ ನಿಂತವು. ಗಾಳಿ ಮುಗಿದು ನಿಂತದ್ದಲ್ಲ, ಮುಳ್ಳು ಇನ್ನೂ ಐವತ್ತರ ಹತ್ತಿರ ಇತ್ತು. ಸಾಕಾಗಿ ಬಿಟ್ಟದ್ದು. ಆಗ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ರೆಗ್ಯುಲೇಟರನ್ನು ಸುರುಳಿ ಸುತ್ತಿ ಸಿಲಿಂಡರಿನ ರಬ್ಬರಿಗೆ ಸಿಕ್ಕಿಸಿಟ್ಟಿತ್ತು. ಅಚ್ಚುಕಟ್ಟಾಗಿ, ಬಾಯಿ ಕೆಳಗೆ ಮಾಡಿ. ನಾನು ಯಾವತ್ತೂ ಹಾಗೆ ಸಿಕ್ಕಿಸುವುದಿಲ್ಲ. ಹಾಗೆ ಮಾಡುವುದಿಲ್ಲ ಎಂದು ದಿನಾ ಬೈಸಿಕೊಳ್ಳುತ್ತೇನೆ.

ಮೇಲೆ ಬಂದಾಗ ತಾತ ತೆಪ್ಪದ ಒಂದು ಅಂಚಿಗೆ ಮುದುಡಿ ಕೂತಿದ್ದರು. ಇನ್ನೊಂದು ಅಂಚಿನ ಹಲಗೆಗಳು ಒದ್ದೆಯಾಗಿದ್ದವು.

"ಏನಾಯ್ತು ತಾತಾ?"

"ನೀನು ಬರೋದಕ್ಕೆ ಮುಂಚೆ ತೆಪ್ಪ ಆ ಕಡೆ ವಾಲ್ತು. ಆಳು ಹತ್ತಿದಾಗ ವಾಲತ್ತಲ್ಲ, ಹಾಗೆ." ಆಮೇಲೆ ಅಳುತ್ತಾ ನಕ್ಕರು. "ಕಳ್ಳ, ಹತ್ತಿದವನು ಒಂದು ಮಾತೂ ಆಡ್ಲಿಲ್ಲ ನೋಡು."

ದಡದ ತನಕ ಆ ಕಡೆಯ ಅಂಚು ತಗ್ಗಾಗಿಯೇ ಇತ್ತು. ದಡ ಮುಟ್ಟಿದ ಕೂಡಲೇ ತೆಪ್ಪ ಸಮವಾಯಿತು.

ಅದಾದ ಮೇಲೆ ಇವತ್ತು ಮತ್ತೆ ಮರಿ ಕಟ್ಟಿಕೊಂಡು ಹದಿನೈದು ನಿಮಿಷ ನಿಲ್ಲೋಣವೆಂದರೆ ಮೇಷ್ಟ್ರು ಬಿಡಲಿಲ್ಲ, ಮೈಗೆ ಬಿಡುವು ಬೇಕಂತೆ. ನಾಳಿದ್ದು ಇಳಿದು ಮುಳ್ಳು ನೋಡುತ್ತೇನೆ. ಏನು ತೋರಿಸುತ್ತದೋ ಅದನ್ನೇ ಬರೆಯುತ್ತೇನೆ.

ನಿನ್ನ ಚಿನಕುರುಳಿ


ಮೇ 17

ಚಿನಕುರುಳಿ,

ನಿನ್ನ ಕಾಗದ ಇನ್ನೂ ಬಂದಿಲ್ಲ. ನಿನ್ನೆ ಸಂಜೆ ನಿಮ್ಮ ಮೇಷ್ಟ್ರು ಫೋನ್ ಮಾಡಿ "ನಿಮ್ಮ ಹುಡುಗಿ ಮೇಲೆ ಬಂದ್ಳು" ಅಂದರು. ಅಷ್ಟು ಕೇಳಿ ಇಟ್ಟುಬಿಟ್ಟೆ. ಮಿಕ್ಕಿದ್ದು ನನಗೆ ಆಗಲೇ ಗೊತ್ತಿತ್ತು.

ನಿನ್ನೆ ಮಧ್ಯಾಹ್ನ ಆಸ್ಪತ್ರೆಯವರ ಬಟ್ಟೆಗೆ ಕಾಲರ್ ಕೂರಿಸುತ್ತಿದ್ದೆ. ಬೀದಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಮಿಷನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬರೀ ತಣ್ಣಗಾಯಿತು, ಬೆನ್ನ ಹಿಂದೆ ಯಾರೋ ಒದ್ದೆ ಬಟ್ಟೆ ಕೊಡವಿದ ಹಾಗೆ. ನಾನು ತಿರುಗಲಿಲ್ಲ. ಯಾಕೋ ತಿರುಗಬಾರದು ಅನ್ನಿಸಿತು. ಕಾಲರ್ ಮುಗಿಸಿ ದಾರ ಕತ್ತರಿಸಿ ಆಮೇಲೆ ನೋಡಿದೆ.

ಕೊಕ್ಕೆಯಲ್ಲಿ ಅಂಗಿ ಇರಲಿಲ್ಲ. ಕೊಕ್ಕೆಯ ಕೆಳಗೆ ನೆಲ ಒದ್ದೆಯಾಗಿತ್ತು. ಎರಡು ಪಾದದಷ್ಟು ಜಾಗ, ಅದರಾಚೆ ಎಲ್ಲೂ ಇಲ್ಲ. ನಾನು ಒರೆಸಲಿಲ್ಲ, ಬಿಸಿಲಿಗೆ ತಾನೇ ಆರಿತು.

ಬಿಚ್ಚದೆ ಹಾಗೇ ಇಟ್ಟಿದ್ದು ಒಳ್ಳೆಯದಾಯಿತು. ಅಳತೆಗೆ ಸರಿಯಾಗಿ ಕೂತಿರಬೇಕು.

ಕೊಕ್ಕೆ ಖಾಲಿ ಇದೆ. ನನ್ನ ಹತ್ತಿರ ಇನ್ನೂ ಒಂದು ಅಂಗಿಗೆ ಆಗುವಷ್ಟು ನೀಲಿ ಗೆರೆಯ ಬಟ್ಟೆ ಉಳಿದಿದೆ. ಟೇಪು ಕೈಯಲ್ಲಿ ಹಿಡಿದುಕೊಂಡು ಕೂತಾಗ ಗೊತ್ತಾಯಿತು, ನಿನ್ನ ಹೆಗಲು ಎಷ್ಟು ಅಂತ ನನಗೆ ಗೊತ್ತೇ ಇಲ್ಲ. ತೋಳು ಮಡಚಿ ಅವನ ಅಂಗಿ ಹಾಕಿಕೊಳ್ಳುವುದು ಇನ್ನು ಸಾಕು.

ನಿನ್ನ ಅಳತೆ ಕಳಿಸು.

ಅಮ್ಮ